ನೈತಿಕ ಹೊಣೆ: ಐನ್‌ಸ್ಟೈನರ ಒಂದು ಸಹಿ

ದೊಡ್ಡ ಅಪಘಾತವಾದಾಗಲೆಲ್ಲ ಸಚಿವರು 'ನೈತಿಕ ಹೊಣೆ ಹೊತ್ತು' ರಾಜೀನಾಮೆ ಕೊಡಬೇಕೆಂಬ ಒತ್ತಾಯವನ್ನು ಓದಿ ಓದಿ ಈ ಪದಕ್ಕೆ ನಮ್ಮ ಕಿವಿ ಪಳಗಿಹೋಗಿದೆ. ಆದರೆ 'ಹೊಣೆ'ಗೆ ಇನ್ನೂ ಹಳೆಯ ಅರ್ಥವೊಂದಿದೆ. ಹಳಗನ್ನಡದ 'ಪೊಣೆ' ಎಂದರೆ ಜಾಮೀನು. ಹೊಣೆಗಾರನೆಂದರೆ ಇನ್ನೊಬ್ಬನ ಸಾಲಪತ್ರಕ್ಕೆ ಸಹಿ ಹಾಕಿ ನಿಲ್ಲುವವನು. ಅವನು ಹಣವನ್ನು ಮುಟ್ಟಿರುವುದಿಲ್ಲ, ಆದರೆ ಸಾಲ ಕೊಟ್ಟವರು ನಂಬಿದ್ದು ಅವನ ಹೆಸರನ್ನು. ಅಣುಬಾಂಬಿನ ವಿಚಾರದಲ್ಲಿ ಆಲ್ಬರ್ಟ್ ಐನ್‌ಸ್ಟೈನರ ನೈತಿಕ ಹೊಣೆ ಎಂಥದೆಂದು ಅರಿಯಲು ಈ ಹಳೆಯ ಅರ್ಥವೇ ಹೆಚ್ಚು ಒದಗುತ್ತದೆಂದು ನನಗನಿಸುತ್ತದೆ.

ಜನ ಸಾಮಾನ್ಯವಾಗಿ ಬೊಟ್ಟು ಮಾಡುವುದು 1905ರ ಸಮೀಕರಣದ ಕಡೆಗೆ. ಅದು ಸರಿಯಲ್ಲ. ದ್ರವ್ಯರಾಶಿಗೂ ಶಕ್ತಿಗೂ ಇರುವ ಸಂಬಂಧವನ್ನು ಹೇಳುವ ಆ ಸೂತ್ರದಲ್ಲಿ ಬಾಂಬು ಮಾಡುವ ದಾರಿ ಇಲ್ಲ. ಆ ದಾರಿ ಕಂಡದ್ದು 1938ರ ಕೊನೆಯಲ್ಲಿ, ಬರ್ಲಿನ್ನಿನಲ್ಲಿ ರಸಾಯನವಿಜ್ಞಾನಿಗಳಾದ ಆಟೋ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂ ಪರಮಾಣುವನ್ನು ಒಡೆದಾಗ.

ಹೊಣೆ ಹುಟ್ಟಿದ್ದು 1939ರ ಬೇಸಿಗೆಯಲ್ಲಿ. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನ ಪೆಕೋನಿಕ್‌ನಲ್ಲಿ ಬಿಡುವು ಕಳೆಯುತ್ತಿದ್ದ ಐನ್‌ಸ್ಟೈನರನ್ನು ಹುಡುಕಿಕೊಂಡು ಭೌತವಿಜ್ಞಾನಿಗಳಾದ ಲಿಯೋ ಜಿಲಾರ್ಡ್ ಮತ್ತು ಯೂಜೀನ್ ವಿಗ್ನರ್ ಹೋದರು. ಮನೆ ಸಿಗದೆ ಅಲೆದು, ಕೊನೆಗೆ ದಾರಿ ತಿಳಿದದ್ದು ಒಬ್ಬ ಚಿಕ್ಕ ಹುಡುಗನಿಂದ. ಒಂದು ಪರಮಾಣು ಒಡೆದು ಮುಂದಿನವನ್ನೂ ಒಡೆಯುತ್ತ ಸಾಗುವ ಸರಪಳಿ ಕ್ರಿಯೆಯ ಸಾಧ್ಯತೆಯನ್ನು ಜಿಲಾರ್ಡ್ ವಿವರಿಸಿದಾಗ, ತಾನಿದನ್ನು ಯೋಚಿಸಿಯೇ ಇರಲಿಲ್ಲವೆಂದರಂತೆ ಐನ್‌ಸ್ಟೈನ್. ಇದರಿಂದ ಬಾಂಬು ಮಾಡಬಹುದೆಂದು ಎಚ್ಚರಿಸುವ, ಆಗಸ್ಟ್ 2ರ ತಾರೀಖು ಹೊತ್ತ ಪತ್ರ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರಿಗೆ ಸಿದ್ಧವಾಯಿತು. ಬರಹ ಬಹುಪಾಲು ಜಿಲಾರ್ಡರದು, ಸಹಿ ಐನ್‌ಸ್ಟೈನರದು. ಜಿಲಾರ್ಡರಿಗೆ ಬೇಕಿದ್ದುದೂ ಆ ಹೆಸರಿನ ತೂಕವೇ. ಹಡಗಿನಲ್ಲಿ ಸಾಗಿಸಿ ಬಂದರಿನಲ್ಲಿ ಸಿಡಿಸಿದರೆ ಇಂಥದೊಂದೇ ಬಾಂಬು ಇಡೀ ಬಂದರನ್ನು ಹಾಳುಮಾಡೀತು, ವಿಮಾನದಲ್ಲಿ ಒಯ್ಯಲು ಮಾತ್ರ ಅದು ತೀರ ಭಾರವಾದೀತು ಎಂಬ ಮಾತು ಆ ಪತ್ರದಲ್ಲಿದೆ. ಆರು ವರ್ಷಗಳ ನಂತರ ಹಿರೋಷಿಮಾಕ್ಕೆ ಅದು ಹೋದದ್ದು ವಿಮಾನದಲ್ಲಿಯೇ.

ಆ ಸಹಿಯೊಂದರಿಂದಲೇ ಬಾಂಬು ಬಂತೆನ್ನುವುದು ಅತಿಮಾತು. ಪತ್ರದ ಬೆನ್ನಿಗೆ ರಚನೆಯಾದ ಯುರೇನಿಯಂ ಸಮಿತಿಯ ಮೂಲಕ ಮೊದಲು ಸಿಕ್ಕಿದ್ದು ಬರೀ 6,000 ಡಾಲರ್. ಕೆಲಸಕ್ಕೆ ನಿಜವಾದ ವೇಗ ಬಂದದ್ದು 1941ರಲ್ಲಿ, ಬ್ರಿಟಿಷ್ ವಿಜ್ಞಾನಿಗಳ ವರದಿ ಬಂದ ಮೇಲೆ. ಐನ್‌ಸ್ಟೈನರನ್ನಂತೂ ನಂಬಲಾಗದ ವ್ಯಕ್ತಿಯೆಂದು 1940ರಲ್ಲೇ ಸೇನೆ ದೂರವಿಟ್ಟಿತು. ಆದ್ದರಿಂದ ಅವರನ್ನು ಅಪರಾಧಿ ಎನ್ನಲಾಗದು. ಅಪರಾಧವೆನ್ನಲು ಆ ಕೃತ್ಯದಲ್ಲಿ ಕೈಯಿರಬೇಕು. ಹೊಣೆಗೆ ಅಷ್ಟು ಬೇಡ. ಸಾಲಗಾರ ಆ ಹಣವನ್ನು ಎಲ್ಲಿ ಸುರಿದನೆಂಬುದು ಜಾಮೀನುದಾರನ ಕೈಯಲ್ಲಿಲ್ಲ, ಆದರೂ ವಸೂಲಿಗೆ ಬಂದವರು ಅವನ ಬಾಗಿಲನ್ನೂ ತಟ್ಟುತ್ತಾರೆ.

ಅವರ ಬಾಗಿಲನ್ನು ತಟ್ಟಿದವರಲ್ಲಿ ಜಪಾನಿನ ಪತ್ರಿಕೆಯೊಂದೂ ಸೇರಿತ್ತು. ತನ್ನ ಪಾಲು ಒಂದು ಪತ್ರಕ್ಕೆ ಸಹಿ ಹಾಕಿದ್ದಷ್ಟೇ ಎಂದು ಐನ್‌ಸ್ಟೈನ್ 1952ರಲ್ಲಿ ಅದಕ್ಕೆ ಬರೆದರು. ಎರಡು ವರ್ಷದ ನಂತರ ರಸಾಯನವಿಜ್ಞಾನಿ ಲೈನಸ್ ಪಾಲಿಂಗರೊಡನೆ ಮಾತಾಡುತ್ತ ಅದನ್ನೇ ತನ್ನ ಬಾಳಿನ ದೊಡ್ಡ ತಪ್ಪು ಎಂದರು, ಜರ್ಮನರು ಮೊದಲು ಮಾಡಿಯಾರೆಂಬ ಭಯದಿಂದ ಅದಕ್ಕೆ ಸ್ವಲ್ಪ ಸಮರ್ಥನೆಯೂ ಇತ್ತೆಂದು ಸೇರಿಸಿದರು. ಉಲ್ಲೇಖಿಸುವವರು ಬಹುಮಟ್ಟಿಗೆ ಮೊದಲ ಅರ್ಧವನ್ನೇ ಉಳಿಸಿಕೊಳ್ಳುತ್ತಾರೆ. 1955ರ ಏಪ್ರಿಲ್ 11ರಂದು, ಸಾಯುವುದಕ್ಕೆ ಒಂದು ವಾರ ಮುಂಚೆ, ಅವರು ಇನ್ನೊಂದು ಕಾಗದಕ್ಕೆ ಸಹಿ ಹಾಕಿದರು: ಅಣ್ವಸ್ತ್ರಗಳ ಅಪಾಯವನ್ನು ಸಾರುವ, ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಸಿದ್ಧಪಡಿಸಿದ ಹೇಳಿಕೆ. ಈ ಬಾರಿಯೂ ಬರಹ ಬೇರೆಯವರದು, ಹೆಸರು ಅವರದು.