ವಯಸ್ಸು ಆಮೇಲೆ ಹೇಳಿ, ಎತ್ತರ ಎಷ್ಟು?

ದುಬೈನ ಕರಾಮಾದಲ್ಲಿರುವ ನಮ್ಮ ಪುಟ್ಟ ಟ್ರಾವೆಲ್ ಆಫೀಸಿನ ಬಾಗಿಲ ಚೌಕಟ್ಟಿನ ತುಂಬ ಪೆನ್ಸಿಲ್ ಗೀಟುಗಳು. ನಡುವೆ ಒಂದು ಕೆಂಪು ಗೀಟು, ನೆಲದಿಂದ ಸರಿಯಾಗಿ 120 ಸೆಂಟಿಮೀಟರ್. ಪಾಮ್ ಜುಮೇರಾ ದ್ವೀಪದ ಅಟ್ಲಾಂಟಿಸ್ ಹೋಟೆಲಿನಲ್ಲಿ ರೂಮ್ ಬೇಕು ಅಂತ ಮಕ್ಕಳ ಜೊತೆ ಒಳಗೆ ಬಂದವರಿಗೆ ನಾನು ಮೊದಲು ‘ಕೂತ್ಕೊಳ್ಳಿ’ ಅನ್ನುವುದಿಲ್ಲ. ‘ಪುಟ್ಟಾ, ಚಪ್ಪಲಿ ಬಿಟ್ಟು ಇಲ್ಲಿ ನಿಂತ್ಕೋ’ ಅನ್ನುತ್ತೇನೆ. ಅಲ್ಲಿನ ದೊಡ್ಡ ನೀರಿನ ಸ್ಲೈಡುಗಳಿಗೆ ಮಕ್ಕಳನ್ನು ಬಿಡುವುದು ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ.

ಊರಿಂದ ಫೋನ್ ಮಾಡುವವರಿಗೆ ಈ ಚೌಕಟ್ಟು ಸಿಗುವುದಿಲ್ಲವಲ್ಲ, ಅಲ್ಲೇ ಬರುವುದು ತಾಪತ್ರಯ.

‘ಮಗು ಎತ್ತರ ಎಷ್ಟಿದೆ ಸರ್?’

‘ಏಳು ವರ್ಷ ಮೇಡಂ.’

‘ವಯಸ್ಸಲ್ಲ ಸರ್, ಎತ್ತರ.’

‘ವಯಸ್ಸಿಗಿಂತ ಎತ್ತರಾನೇ ಇದಾಳೆ ಮೇಡಂ, ನೀವು ಬುಕ್ ಮಾಡಿ.’

ಈ ಸಂಭಾಷಣೆ ವಾರಕ್ಕೆ ನಾಲ್ಕು ಸಲವಾದರೂ ಆಗುತ್ತದೆ. ರೂಮಿನ ಬಾಡಿಗೆಯನ್ನು ಅಳೆದೂ ಸುರಿದೂ ಐದು ಕಡೆ ವಿಚಾರಿಸುವ ಜನ, ಮನೆಯಲ್ಲೇ ಓಡಾಡುತ್ತಿರುವ ಮಗುವನ್ನು ಒಂದು ಸಲ ಗೋಡೆಗೆ ನಿಲ್ಲಿಸಿ ಅಳೆಯುವುದಿಲ್ಲ.

ವೀಸಾ, ವಿಮಾನ, ಊಟದ ವಿಷಯ ನಿಮಗೇ ಗೊತ್ತಿರುತ್ತದೆ, ಬಿಡಿ. ರಾತ್ರಿಗೆ ರೂಮಿಗೆ 20 ದಿರ್ಹಮ್ ಟೂರಿಸಂ ಶುಲ್ಕ ಹೋಟೆಲಿನಲ್ಲೇ ಕೇಳಿದರೆ ಗಾಬರಿಯಾಗಬೇಡಿ. ಹತ್ತಿ ಬಟ್ಟೆ ಬಿಟ್ಟು ಈಜುಡುಗೆ ತನ್ನಿ. ಇಷ್ಟು ಸಾಕು. ನನಗೆ ಎತ್ತರದ ಬಗ್ಗೆ ಮಾತಾಡಬೇಕಿದೆ.

2008ರಲ್ಲಿ ಶುರುವಾದ ಈ ಹೋಟೆಲಿಗೆ ಜನ ಮುಗಿಬೀಳುವುದು ಪಕ್ಕದ ಅಕ್ವಾವೆಂಚರ್ ನೀರಾಟದ ಪಾರ್ಕಿಗಾಗಿ. ಹೋಟೆಲಿನಲ್ಲಿ ಉಳಿದವರಿಗೆ ಅದರ ಪ್ರವೇಶ ಉಚಿತ. ಬಂದ ದಿನವೂ ಉಂಟು, ಹೊರಡುವ ದಿನವೂ ಉಂಟು, ಹಾಗಾಗಿ ಒಂದು ರಾತ್ರಿಗೆ ಎರಡು ದಿನ ಆಟ. 2021ರಲ್ಲಿ ವಿಸ್ತರಣೆಯಾದ ಮೇಲೆ ಸ್ಲೈಡು, ಮತ್ತಿತರ ಆಟಗಳೆಲ್ಲ ಸೇರಿ ಲೆಕ್ಕ ನೂರು ದಾಟಿತು. ಆದರೆ ಫೋಟೋ ನೋಡಿ ನೀವು ಮರುಳಾದ ಸ್ಲೈಡುಗಳಿಗೆ, ಅಂದರೆ 27 ಮೀಟರ್ ಎತ್ತರದಿಂದ ಸೀದಾ ಇಳಿದು ಶಾರ್ಕ್‌ಗಳ ಕೊಳದ ನಡುವಿನ ಪಾರದರ್ಶಕ ಕೊಳವೆಯಲ್ಲಿ ಹಾದುಹೋಗುವ ಲೀಪ್ ಆಫ್ ಫೇಯ್ತ್‌ನಂಥವಕ್ಕೆ, 1.2 ಮೀಟರ್ ಎತ್ತರ ಬೇಕೇ ಬೇಕು. ಅಂದರೆ ಹತ್ತಿರ ಹತ್ತಿರ ಮೂರು ಅಡಿ ಹನ್ನೊಂದೂಕಾಲು ಇಂಚು.

ಈಗ ಏಳು ವರ್ಷದ ಮಾತಿಗೆ ಬನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಏಳು ತುಂಬಿದ ಹುಡುಗರ ನಡುಮಟ್ಟದ ಎತ್ತರ ಸುಮಾರು 122 ಸೆಂಟಿಮೀಟರ್, ಹುಡುಗಿಯರದು 121. ಆರು ವರ್ಷಕ್ಕೆ 116, 115. ಅಂದರೆ ನಿಮ್ಮ ಏಳು ವರ್ಷದ ಮಗು ಸರಿಯಾಗಿ ಗೀಟಿನ ಮೇಲೇ ನಿಂತಿದೆ, ಆಚೆಗೂ ಇರಬಹುದು, ಈಚೆಗೂ ಇರಬಹುದು. ಇದರ ಮೇಲೆ ಇನ್ನೊಂದು: ದಿನವಿಡೀ ನಿಂತು ಓಡಾಡಿದರೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು, ಬೆಳಿಗ್ಗೆ ಇದ್ದ ಎತ್ತರ ಸಂಜೆಗೆ ಒಂದಿಷ್ಟು ಇಳಿಯುತ್ತದೆ, ಸುಮಾರು ಒಂದು ಸೆಂಟಿಮೀಟರ್‌ವರೆಗೂ. ಹಾಸಿಗೆಯಿಂದ ಎದ್ದಾಗ 120.5 ಇದ್ದ ಮಗು ಮಧ್ಯಾಹ್ನ ಕೆಳಗೆ ಬರಬಹುದು. ಅದಕ್ಕೇ ನಾನು ಹೇಳುವುದು: ಸಂಜೆ ಅಳೆಯಿರಿ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು. ಶೂ ಒಳಗೆ ಟಿಶ್ಯೂ ಮಡಿಸಿಟ್ಟುಕೊಂಡು ಬಂದ ಅಪ್ಪಂದಿರನ್ನು ನೋಡಿದ್ದೇನೆ. ಸ್ಲೈಡಿಗೆ ಹತ್ತುವುದು ಬರಿಗಾಲಲ್ಲಿ ಸ್ವಾಮಿ!

‘ಸ್ವಲ್ಪ ಹೇಳಿ ಬಿಡಿಸಿಕೊಡಿ ಮೇಡಂ, ನಿಮಗೆ ಪರಿಚಯ ಇರುತ್ತಲ್ಲ’ ಅನ್ನುವವರಿಗೆ: ನನ್ನ ಪರಿಚಯ ನಡೆಯುವುದು ರಿಸೆಪ್ಷನ್‌ವರೆಗೆ. ಎತ್ತರ, ತೂಕದ ಮಿತಿಯನ್ನು ಸ್ಲೈಡ್ ತಯಾರಿಸಿದವರೇ ಲೆಕ್ಕ ಹಾಕಿ ಬರೆದುಕೊಡುತ್ತಾರೆ. ಮೆಟ್ಟಿಲ ಬುಡದಲ್ಲಿ ಅಳತೆ ನೋಡಲು ನಿಂತ ಪಾರ್ಕಿನ ಹುಡುಗ ಅದನ್ನು ಸಡಿಲಿಸುವಂತಿಲ್ಲ. ಅಂಗಾತ ಮಲಗಿ, ಕೈ ಎದೆಗೆ ಕಟ್ಟಿ, ಕಾಲು ಹೆಣೆದು ಇಳಿಯುವ ಭಂಗಿಯನ್ನು ಕೊನೆವರೆಗೂ ಬಿಡದೆ ಹಿಡಿದಿಡಬೇಕು. ಟ್ಯೂಬಿನ ಸ್ಲೈಡಾದರೆ ಎರಡೂ ಹಿಡಿಗಳು ಒಟ್ಟಿಗೆ ಕೈಗೆ ಎಟುಕಬೇಕು. ಕೆಳಗೆ ಬಿದ್ದ ನೀರಲ್ಲಿ ನೆಟ್ಟಗೆ ಎದ್ದು ನಿಲ್ಲಬೇಕು. ಇಷ್ಟಕ್ಕೂ ಮೈ ಉದ್ದ ಸಾಕಾಗಬೇಕಲ್ಲ. ಧೈರ್ಯದ ಮಾತು ಬೇರೆ. ಧೈರ್ಯ ಮೂರು ವರ್ಷದ ಮಗುವಿಗೂ ಬೇಕಾದಷ್ಟಿರುತ್ತದೆ.

ಎಲ್ಲ ಸ್ಲೈಡಿಗೂ ಒಂದೇ ಅಳತೆ ಅಂತ ನಾನು ಹೇಳುತ್ತಿಲ್ಲ. ಕಡಿಮೆ ಎತ್ತರಕ್ಕೆ ಬಿಡುವವೂ ಇರುತ್ತವೆ, ತೂಕ ನೋಡುವವೂ ಇರುತ್ತವೆ, ನಿಯಮ ಬದಲಾಗುವುದೂ ಉಂಟು. ಹೊರಡುವ ವಾರ ಪಾರ್ಕಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ. ಬೆನ್ನುನೋವು, ಹೃದಯದ ತೊಂದರೆ ಇರುವ ದೊಡ್ಡವರಿಗೂ ಈ ಮಾತು ಅನ್ವಯ.

ಹೋದ ಚಳಿಗಾಲ ಒಂದು ಕುಟುಂಬ ಬಂದಿತ್ತು, ಅಜ್ಜ ಅಜ್ಜಿ ಸೇರಿ ಐದು ಜನ. ಅಜ್ಜಿಗೆ ಭಾಷೆಯ ಅಳುಕು, ಅದಕ್ಕೆ ನಾನೂ ಜೊತೆಗೆ ಹೋಗಿದ್ದೆ. ‘ವಯಸ್ಸಿಗಿಂತ ಎತ್ತರ’ ಅನ್ನಿಸಿಕೊಂಡಿದ್ದ ಮೊಮ್ಮಗಳು ಅಳತೆಗೋಲಿನ ಮುಂದೆ ಉಸಿರು ಬಿಗಿಹಿಡಿದು ನಿಂತಳು. ಅಮ್ಮ ಬೆಳಿಗ್ಗೆಯೇ ನೆತ್ತಿಯ ಮೇಲೆ ಎತ್ತಿ ಜುಟ್ಟು ಕಟ್ಟಿದ್ದರು. ಅಳತೆ ನೋಡುವ ಹುಡುಗ ನಗುತ್ತಲೇ ಅಂಗೈಯಲ್ಲಿ ಜುಟ್ಟನ್ನು ಮೆಲ್ಲಗೆ ಅದುಮಿದ. 118. ‘ಎರಡೇ ಎರಡು ಸೆಂಟಿಮೀಟರ್’ ಅಂತ ಅಪ್ಪ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಕಡೆಗೆ ಕನ್ನಡದಲ್ಲೂ ವಾದ ಮಾಡಿದರು. ಹುಡುಗ ಮೂರಕ್ಕೂ ತಲೆಯಾಡಿಸಿದ, ಬಿಡಲಿಲ್ಲ. ಮಗು ಅಳಲಿಲ್ಲ. ಅತ್ತಂತೆ ಮುಖ ಮಾಡಿದ್ದು ಅಪ್ಪನೇ.

ಆಮೇಲೆ ಅವಳು ಸ್ಪ್ಲಾಷರ್ಸ್ ಎಂಬ ಚಿಕ್ಕ ಮಕ್ಕಳ ಜಾಗದಲ್ಲಿ, ತುಂಬಿ ತುಂಬಿ ಮಗುಚುವ ದೊಡ್ಡ ಬಕೆಟ್ಟಿನ ಕೆಳಗೆ ಮೂರು ತಾಸು ಕಳೆದಳು. ಲೈಫ್ ಜಾಕೆಟ್ ಹಾಕಿಕೊಂಡು ಅಜ್ಜನ ಜೊತೆ 2.3 ಕಿಲೋಮೀಟರಿನ ನೀರಿನ ಕಾಲುವೆಯಲ್ಲೂ ತೇಲಿ ಬಂದಳು. ಅಷ್ಟಕ್ಕೇ ಆಗಿದ್ದರೆ ಎರಡು ರಾತ್ರಿ ಬೇಕಿರಲಿಲ್ಲ, ಒಂದು ದಿನದ ಟಿಕೆಟ್ ತೆಗೆದುಕೊಂಡು ಬೇರೆ ಹೋಟೆಲಿನಲ್ಲಿ ಉಳಿಯಬಹುದಿತ್ತು. ಗೀಟಿಗೆ ಎರಡು ಮೂರು ಸೆಂಟಿಮೀಟರ್ ಕಡಿಮೆ ಇರುವವರಿಗೆ ನಾನು ‘ಮುಂದಿನ ವರ್ಷ ಬನ್ನಿ’ ಅಂತಲೂ ಹೇಳುವುದುಂಟು. ಇದು ನಮ್ಮ ಯಜಮಾನರ ಕಿವಿಗೆ ಬೀಳದಿರಲಿ.

ಮೊನ್ನೆ ಅದೇ ಅಪ್ಪನ ಫೋನ್ ಬಂತು. ನಾನು ಬಾಯಿ ಬಿಡುವ ಮೊದಲೇ, ‘ನೂರ ಇಪ್ಪತ್ತಮೂರೂವರೆ ಮೇಡಂ. ಬೆಳಿಗ್ಗೆ ಅಳೆದದ್ದಾ, ಸಂಜೇನಾ ಅಂತ ಕೇಳ್ಬೇಡಿ, ಎರಡೂ ಹೊತ್ತು ಅಳೆದಿದೀನಿ’ ಅಂದರು. ಹಿಂದಿನಿಂದ ಮಗಳ ದನಿ ಕೇಳಿಸಿತು: ‘ಅಪ್ಪಾ, ಆ ಬಕೆಟ್ ಇನ್ನೂ ಅಲ್ಲೇ ಇದೆಯಾ ಕೇಳಿ.’