ನಿನ್ನೆ ಖಾತೆ ತೆರೆದವರಿಗೆ

ನ್ಯೂಜೆರ್ಸಿಯಲ್ಲಿ ತೆರಿಗೆ ಲೆಕ್ಕ ನೋಡುವ ನನ್ನ ಪುಟ್ಟ ಕಚೇರಿಗೆ ವರ್ಷಕ್ಕೆ ಎರಡು ಮೂರು ಸಲವಾದರೂ ಇದೇ ಫೋನ್ ಬರುತ್ತದೆ. "ಪಕ್ಕದ ಊರಿನ ಮ್ಯೂಚುಯಲ್ ಬ್ಯಾಂಕು ಷೇರು ಬಿಡುತ್ತದಂತೆ. ನಿನ್ನೆಯೇ ಹೋಗಿ ಐದು ಸಾವಿರ ಡಾಲರ್ ಇಟ್ಟು ಬಂದೆ. ಷೇರು ಕೊಳ್ಳಲು ಠೇವಣಿದಾರರಿಗೆ ತಾನೇ ಮೊದಲ ಆದ್ಯತೆ?" ಹೌದು ಸ್ವಾಮಿ, ಠೇವಣಿದಾರರಿಗೇ. ಆದರೆ ಆ ಸಾಲಿನಲ್ಲಿ ನೀವಿಲ್ಲ.

ಮ್ಯೂಚುಯಲ್ ಬ್ಯಾಂಕನ್ನು ನಮ್ಮವರು ಊರಿನ ಸಹಕಾರ ಸಂಘದ ಹಾಗೆ ಎಂದುಕೊಳ್ಳುತ್ತಾರೆ. ಸಂಘದ ಸದಸ್ಯನ ಕೈಯಲ್ಲಿ ಒಂದು ಷೇರಾದರೂ ಇರುತ್ತದೆ; ಇಲ್ಲಿ ಷೇರುದಾರರೇ ಇಲ್ಲ. 1816ರಲ್ಲಿ ಬಾಸ್ಟನ್, ಫಿಲಡೆಲ್ಫಿಯಾಗಳಲ್ಲಿ ದುಡಿಯುವವರ ಪುಡಿಗಾಸು ಕೂಡಿಡಲು ಇಂಥವು ಶುರುವಾದವು. ಹಂಚಿಕೊಳ್ಳಲು ಷೇರುದಾರರಿಲ್ಲದ ಕಾರಣ ಉಳಿದ ಲಾಭ ತಲೆಮಾರುಗಳಿಂದ ತಿಜೋರಿಯಲ್ಲೇ ಬೆಳೆದಿದೆ. ಆಸೆ ಹುಟ್ಟುವುದು ಅಲ್ಲಿಯೇ. ಐದು ಕೋಟಿ ಡಾಲರ್ ಸ್ವಂತ ನಿಧಿಯಿರುವ ಬ್ಯಾಂಕು ಐದು ಕೋಟಿಯ ಷೇರು ಮಾರಿತು ಎನ್ನಿ. ಖರ್ಚು ಕಳೆದು ಆ ಹಣವೂ ಬ್ಯಾಂಕಿಗೇ ಸೇರುತ್ತದೆ. ಹತ್ತು ಡಾಲರ್ ಕೊಟ್ಟವನ ಷೇರಿನ ಹಿಂದೆ ಹತ್ತಿರ ಹತ್ತಿರ ಇಪ್ಪತ್ತು ಡಾಲರ್ ನಿಂತಿರುತ್ತದೆ. ಪೇಟೆ ಅಷ್ಟೂ ಬೆಲೆ ಕಟ್ಟುತ್ತದೆಂದು ನಾನು ಹೇಳುತ್ತಿಲ್ಲ. ಮೊದಲ ದಿನವೇ ಹತ್ತಕ್ಕಿಂತ ಕೆಳಗಿಳಿದವೂ ಇವೆ.

ಈಗ ಯಾರ ತಲೆಗೂ ಇಳಿಯದ ಸಂಗತಿ. ಷೇರು ಬಿಡಲು ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಹಿಂದಕ್ಕೆ ಹೋಗಿ ಅರ್ಹತಾ ದಿನಾಂಕವನ್ನು ಗುರುತಿಸಬೇಕು ಎನ್ನುತ್ತದೆ ಫೆಡರಲ್ ನಿಯಮ. ಹಿಂದಕ್ಕೆ, ಮುಂದಕ್ಕಲ್ಲ. ಮಂಡಳಿ 2025ರ ಜೂನ್‌ನಲ್ಲಿ ಒಪ್ಪಿತು ಎನ್ನೋಣ. ಗೆರೆ ಬೀಳುವುದು 2024ರ ಜೂನ್ ತಿಂಗಳಿಗೋ ಅದಕ್ಕೂ ಹಿಂದಕ್ಕೋ. ಆ ದಿನ ಖಾತೆಯಲ್ಲಿ ಐವತ್ತು ಡಾಲರ್ ಇದ್ದ ಅಜ್ಜಿ ಮೊದಲ ಸಾಲಿಗೆ ಸೇರುತ್ತಾಳೆ. ಸುದ್ದಿ ಓದಿ ಐವತ್ತು ಸಾವಿರ ತಂದಿಟ್ಟವನು ಸೇರುವುದಿಲ್ಲ. ಮತದಾನದ ದಿನ ಗುರುತಿನ ಚೀಟಿ ಹಿಡಿದು ಮತಗಟ್ಟೆಗೆ ಹೋದರೆ ಸಾಕೇ? ಪಟ್ಟಿಯಲ್ಲಿ ಹೆಸರು ಮೊದಲೇ ಇರಬೇಕು. ಇದೂ ಹಾಗೆಯೇ.

ತಡವಾಗಿ ಬಂದವರಿಗೆ ಎರಡನೆಯ ದಿನಾಂಕವೊಂದು ಇದೆ, ನಿಜ. ಆದರೆ ಅವರ ಸರದಿ ಬರುವುದು ಮೊದಲ ಸಾಲಿನವರಿಗೂ ಬ್ಯಾಂಕಿನ ನೌಕರರ ಷೇರು ಯೋಜನೆಗೂ ಹಂಚಿ ಮುಗಿದ ಬಳಿಕ. ಒಳ್ಳೆಯ ಬ್ಯಾಂಕಾದರೆ ಅಷ್ಟು ಹೊತ್ತಿಗೆ ಪಾತ್ರೆ ತಳ ಕಂಡಿರುತ್ತದೆ. ರಾಜ್ಯದ ಪರವಾನಗಿ ಪಡೆದ ಬ್ಯಾಂಕುಗಳಲ್ಲಿ ವಿವರ ಕೊಂಚ ಬೇರೆಯಾಗಬಹುದು. ಷೇರು ಮಾರಾಟದ ವಿವರಪುಸ್ತಿಕೆಯಾದ ಪ್ರಾಸ್ಪೆಕ್ಟಸ್ ಓದದೆ ನನ್ನ ಮಾತನ್ನೇ ನೆಚ್ಚಬೇಡಿ.

"ಹಾಗಾದರೆ ಯಾವ ಬ್ಯಾಂಕು ಮುಂದೆ ಷೇರು ಬಿಡುತ್ತದೆ, ಅದನ್ನಾದರೂ ಹೇಳಿ" ಎಂಬುದು ಮುಂದಿನ ಪ್ರಶ್ನೆ. ಪ್ರತಿ ಬ್ಯಾಂಕಿನ ತ್ರೈಮಾಸಿಕ ವರದಿ ಸಾರ್ವಜನಿಕವಾಗಿಯೇ ಸಿಗುತ್ತದೆ. ಸಾಲ ವೇಗವಾಗಿ ಬೆಳೆದು ಬಂಡವಾಳ ಕಡಿಮೆ ಬಿದ್ದಿದೆಯೇ, ಹೊರಗಿನಿಂದ ಹೊಸ ಅಧ್ಯಕ್ಷರು ಬಂದಿದ್ದಾರೆಯೇ, ತನ್ನ ಮೇಲೆ ಮ್ಯೂಚುಯಲ್ ಹೋಲ್ಡಿಂಗ್ ಕಂಪನಿಯೆಂಬ ಒಡೆಯ ಸಂಸ್ಥೆಯೊಂದನ್ನು ಕಟ್ಟಿಕೊಂಡಿದೆಯೇ ಎಂದು ನಾನೂ ನೋಡುತ್ತೇನೆ. ನೋಡಿ ಎಷ್ಟೋ ಸಲ ಮೋಸ ಹೋಗಿದ್ದೇನೆ. ಪಿಟ್ಸ್‌ಬರ್ಗಿನ ಡಾಲರ್ ಬ್ಯಾಂಕು 1855ರಿಂದ ಷೇರು ಬಿಡದೆ ಹಾಗೆಯೇ ಇದೆ. ಮ್ಯಾಸಚೂಸೆಟ್ಸ್‌ನ ಈಸ್ಟರ್ನ್ ಬ್ಯಾಂಕು 1818ರಿಂದ ಎರಡು ಶತಮಾನ ಸುಮ್ಮನಿದ್ದು, 2020ರ ಅಕ್ಟೋಬರ್‌ನಲ್ಲಿ ಹತ್ತು ಡಾಲರ್‌ಗೊಂದರಂತೆ ಷೇರು ಮಾರಿ ಸುಮಾರು 180 ಕೋಟಿ ಡಾಲರ್ ಎತ್ತಿತು. ಎದ್ದು ಬರುವ ದಿನವನ್ನು ಯಾವ ವರದಿಯೂ ಹೇಳುವುದಿಲ್ಲ. ಷೇರು ಬರದೇ ಹೋದರೂ ಬೇಸರವಾಗದಂಥ ಬ್ಯಾಂಕಿನಲ್ಲಿ, ಅದೂ ಮನೆಯ ಹತ್ತಿರ, ಖಾತೆ ತೆರೆದು ಮರೆತುಬಿಡಿ. ತೀರಾ ಮರೆಯಲೂ ಬೇಡಿ. ಹಲವು ವರ್ಷ ವ್ಯವಹಾರವೇ ಇಲ್ಲದ ಖಾತೆಯ ಹಣ ರಾಜ್ಯ ಸರ್ಕಾರದ ವಶಕ್ಕೆ ಹೋಗುತ್ತದೆ.

ಇನ್ನು ಜಾಣರು. ಅರ್ಹತೆಯಿರುವ ನೆರೆಯವರ ಹೆಸರಿನಲ್ಲಿ ತಮ್ಮ ಹಣ ಹಾಕಿ, ಲಾಭ ಹಂಚಿಕೊಳ್ಳುವ ಏರ್ಪಾಡು ಮಾಡಿಕೊಳ್ಳುವವರು. ಈ ಹಕ್ಕನ್ನು ಯಾರೂ ಯಾರಿಗೂ ವರ್ಗಾಯಿಸುವಂತಿಲ್ಲ. ಅರ್ಜಿಯಲ್ಲಿ ಹಾಗೆ ಮಾಡಿಲ್ಲವೆಂದು ಸಹಿ ಹಾಕಿ ಸುಳ್ಳು ಹೇಳಿದರೆ ಅದು ಅಪರಾಧ. ಅಂಥ ಅರ್ಜಿ ತುಂಬಿಕೊಡಲು ನನ್ನ ಬಳಿ ಬರಬೇಡಿ. ಖಾತೆಯಲ್ಲಿ ಇಲ್ಲದ ಹೆಂಡತಿಯ ಹೆಸರನ್ನು ಪ್ರೀತಿಯಿಂದ ಅರ್ಜಿಗೆ ಸೇರಿಸಿ ಇದ್ದ ಹಕ್ಕನ್ನೂ ಕಳೆದುಕೊಂಡವರಿದ್ದಾರೆ. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ.

ಬೈಯಲಾಗದ ಇನ್ನೊಬ್ಬರಿದ್ದಾರೆ. ನಿವೃತ್ತ ಎಂಜಿನಿಯರ್, ಮೈಸೂರಿನವರು. ಇಲ್ಲಿದ್ದಾಗ ಇಪ್ಪತ್ತು ವರ್ಷ ಒಂದು ಸಣ್ಣ ಬ್ಯಾಂಕಿನಲ್ಲಿ ಖಾತೆ. ಕಿಟಕಿಯಲ್ಲಿ ಕೂರುತ್ತಿದ್ದ ಹೆಂಗಸು ಅವರ ಮಕ್ಕಳಿಗೆ ಹೆಸರು ಹಿಡಿದು ಕರೆದು ಮಿಠಾಯಿ ಕೊಡುತ್ತಿದ್ದರಂತೆ. ಮೈಸೂರಿಗೆ ಮರಳುವಾಗ ಖಾತೆ ಮುಚ್ಚಲು ಮನಸ್ಸಾಗಲಿಲ್ಲ. ಪ್ರಾಮಾಣಿಕರಾದ್ದರಿಂದ ವಿಳಾಸವನ್ನು ಮಾತ್ರ ಬದಲಿಸಿದರು. ಬ್ಯಾಂಕು ಷೇರು ಬಿಟ್ಟಿತು. ದಿನಾಂಕ ಸರಿ, ಹಣ ಸರಿ, ಮೊದಲ ಸಾಲು. ಆದರೆ ಪ್ರಾಸ್ಪೆಕ್ಟಸ್‌ನ ನಡುವೆ ಒಂದು ವಾಕ್ಯವಿತ್ತು: ಹೊರದೇಶದಲ್ಲಿ ನೆಲೆಸಿರುವವರಿಗೆ ಷೇರು ನೀಡಲಾಗುವುದಿಲ್ಲ. ಎಡಿಸನ್‌ನಲ್ಲಿರುವ (ಇಲ್ಲಿ ನ್ಯೂಜೆರ್ಸಿಯಲ್ಲೇ) ಭಾವಮೈದುನನ ವಿಳಾಸ ಕೊಡಲೇ ಎಂದು ಸಣ್ಣ ಧ್ವನಿಯಲ್ಲಿ ಕೇಳಿದರು. ಬೇಡ ಎಂದೆ. ಒಪ್ಪಿಕೊಂಡರು.

ಮೊನ್ನೆ ಬೇರೆ ಕೆಲಸಕ್ಕೆ ಮಾತನಾಡುವಾಗ, ಆ ಖಾತೆಯನ್ನು ಮುಚ್ಚಿದಿರಾ ಎಂದು ವಿಚಾರಿಸಿದೆ. ಇಲ್ಲವಂತೆ. ಆ ಹೆಂಗಸು ಇನ್ನೂ ಅದೇ ಕಿಟಕಿಯಲ್ಲಿದ್ದಾರೆಯೇ, ಒಮ್ಮೆ ಆ ಕಡೆ ಹೋದಾಗ ನೋಡಿ ಹೇಳಿ ಎಂದರು.