ಪೀಪಾಯಿಯೊಳಗಿನ ಜೀವ: ಚಳಿಗಾಲದ ಕಪ್ಪು ಬಿಯರ್ ಉಳಿದುಬಂದ ದಾರಿ

ಪೀಪಾಯಿಯನ್ನು ಅಡ್ಡ ಮಲಗಿಸಿರುತ್ತಾರೆ. ಅಲುಗಾಡಬಾರದು ಅಂತ ಕೆಳಗೆ ಮರದ ಬೆಣೆಗಳು. ಹೊಟ್ಟೆಯ ಮೇಲೆ ಒಂದು ಬಿರಡೆ, ಮುಂದುಗಡೆ ಕೆಳಗೆ ಇನ್ನೊಂದು. ಮೊದಲು ಮೇಲಿನ ಬಿರಡೆಯ ನಡುವೆ ಬೆರಳುದ್ದದ ಒಂದು ಗೂಟವನ್ನು ಕೊಡತಿಯಿಂದ ಹೊಡೆಯುತ್ತಾರೆ. ಅದು ಬಿದಿರಿನದ್ದೋ ಮೆದು ಮರದ್ದೋ ಇರುತ್ತದೆ, ಗಾಳಿ ಆಡಲಿ ಅಂತ. ಹೊಡೆದ ಕೂಡಲೇ ಸುಸ್ಸೆಂದು ಸದ್ದು. ಗೂಟದ ತಲೆಯಲ್ಲಿ ನೊರೆ ಉಕ್ಕುತ್ತದೆ. ಬಟ್ಟೆಯಿಂದ ಒರೆಸಿದರೆ ಮತ್ತೆ ಉಕ್ಕುತ್ತದೆ. ಒರೆಸಿದ ಮೇಲೆ ನೊರೆ ಬರೋದು ನಿಧಾನವಾಯಿತು ಅಂದರೆ ಒಳಗಿನ ಉಬ್ಬರ ಇಳಿದಿದೆ ಅಂತ ಲೆಕ್ಕ. ಆಗ ಮೆದು ಗೂಟ ತೆಗೆದು ಗಟ್ಟಿ ಮರದ ಗೂಟ ಹಾಕುತ್ತಾರೆ. ಆಮೇಲೆ ಮುಂದಿನ ಬಿರಡೆಗೆ ನಲ್ಲಿ ಹಿಡಿದು ಒಂದೇ ಏಟು. ಏಟು ಓರೆಯಾದರೆ ಮೈಯೆಲ್ಲ ಬಿಯರ್.

ಇಂಗ್ಲೆಂಡಿನ ಒಂದು ಬಿಯರ್ ಹಬ್ಬದಲ್ಲಿ ಸ್ವಯಂಸೇವಕರ ಜೊತೆ ಕೈಜೋಡಿಸಿದಾಗ ಇದನ್ನು ಮೊದಲ ಸಲ ಪಕ್ಕದಲ್ಲೇ ನಿಂತು ನೋಡಿದೆ. ನೆನಪಾಗಿದ್ದು ಅಮ್ಮನ ದೋಸೆ ಹಿಟ್ಟು. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ಉಬ್ಬಿ ಮುಚ್ಚಳ ಎತ್ತುತ್ತಿತ್ತು. ಚಳಿ ಜಾಸ್ತಿಯಾದರೆ ಹುಳಿಯೇ ಬರುತ್ತಿರಲಿಲ್ಲ. ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಡಬೇಕಿತ್ತು. ಒಳಗೆ ಜೀವ ಇರುವ ಆಹಾರಕ್ಕೆ ಯಾವಾಗಲೂ ಯಾರಾದರೂ ಕಾವಲು ಬೇಕು. ಹೀಗೆ ಪೀಪಾಯಿಯಲ್ಲೇ ಹದವಾಗುವ ಬ್ರಿಟನ್ನಿನ ಬಿಯರ್, ಕಾಸ್ಕ್ ಏಲ್‌ನ ಕಥೆಯೂ ಇದೇ. ಕಾಯುವವರು ಕಡಿಮೆಯಾದಾಗ ಅದು ಸಾಯುವ ಹಂತಕ್ಕೆ ಬಂತು. ಕಾಯುವವರು ಮತ್ತೆ ಸಿಕ್ಕಿದ್ದರಿಂದ ಉಳಿಯಿತು.

ಕಾಸ್ಕ್ ಏಲ್ ಅಂದರೆ ಇಷ್ಟು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ (ಇದನ್ನೇ ಮಾಲ್ಟ್ ಅನ್ನುತ್ತಾರೆ), ಹಾಪ್ಸ್ ಹೂವು, ನೀರು, ಯೀಸ್ಟ್. ಬ್ರೂವರಿಯಲ್ಲಿ ಹುದುಗಿದ ಬಿಯರನ್ನು ಸೋಸಿ, ಕಾಯಿಸಿ, ಯೀಸ್ಟ್ ಕೊಂದು ಕಳಿಸುವುದಿಲ್ಲ. ಜೀವಂತ ಯೀಸ್ಟ್ ಸಮೇತ ಪೀಪಾಯಿಗೆ ತುಂಬುತ್ತಾರೆ. ಪಬ್ಬಿನ ನೆಲಮಾಳಿಗೆಯಲ್ಲಿ ಅದು ಎರಡನೇ ಸಲ ಹುದುಗುತ್ತದೆ. ಅದರ ಮೆಲುವಾದ ನೊರೆಗುಳ್ಳೆ ಅಲ್ಲೇ ಹುಟ್ಟಿದ್ದು, ಹೊರಗಿನಿಂದ ತುಂಬಿದ ಅನಿಲದ್ದಲ್ಲ. ಗಸಿ ಬೇಗ ತಳಕ್ಕೆ ಇಳಿದು ಬಿಯರ್ ತಿಳಿಯಾಗಲಿ ಅಂತ ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಎಂಬ ಪದಾರ್ಥ ಹಾಕುವ ರೂಢಿ ಹಳೆಯದು. ಸಸ್ಯಾಹಾರಿಗಳು ಇದನ್ನು ತಿಳಿದಿರಬೇಕು. ಈಗ ಅದಿಲ್ಲದೆ ಸ್ವಲ್ಪ ಮಸುಕಾಗಿಯೇ ಮಾರುವ ಬ್ರೂವರಿಗಳೂ ಇವೆ. ಕೇಳಿದರೆ ಹೇಳುತ್ತಾರೆ.

ಇಂಗ್ಲಿಷರು ಬೆಚ್ಚಗಿನ ಬಿಯರ್ ಕುಡಿಯುತ್ತಾರೆ ಅನ್ನೋ ಮಾತು ನಮ್ಮಲ್ಲೂ ಕೇಳಿಬರುತ್ತದೆ. ಅದು ಸರಿಯಲ್ಲ. ಕಾಸ್ಕ್ ಏಲ್ ಬಡಿಸುವುದು 11ರಿಂದ 13 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಬೆಂಗಳೂರಿನ ಡಿಸೆಂಬರ್ ಮುಂಜಾನೆಗಿಂತಲೂ ಅದು ತಣ್ಣಗೆ. ಫ್ರಿಜ್ಜಿನ ಬಾಟಲಿಗೆ ಹೋಲಿಸಿದರೆ ಮಾತ್ರ ಬೆಚ್ಚಗೆ.

ಇನ್ನು ಚಳಿಗಾಲದ ವಿಷಯ. ಯಂತ್ರದಿಂದ ತಂಪು ಮಾಡೋದು ಬರುವ ಮೊದಲು ಬೇಸಿಗೆಯಲ್ಲಿ ಬಿಯರ್ ಮಾಡುವುದು ದೊಡ್ಡ ಅಪಾಯ. ಸೆಕೆಗೆ ಹುಳಿದು ಹೋಗುತ್ತಿತ್ತು. ಅದಕ್ಕೇ ಅಕ್ಟೋಬರಿನಿಂದ ಮಾರ್ಚಿನವರೆಗಿನ ಕಾಲವೇ ಬ್ರೂವರ್‌ಗಳಿಗೆ ಸುಗ್ಗಿ. ಹೊಸ ಬಾರ್ಲಿ, ಹೊಸ ಹಾಪ್ಸ್, ತಣ್ಣನೆಯ ಹವೆ. ಆಗ ಮಾಡಿದ ಗಟ್ಟಿ ಬಿಯರ್, ಅಂದರೆ ಆಲ್ಕೋಹಾಲ್ ಹೆಚ್ಚಿರುವ ಬಿಯರ್, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇರುತ್ತಿತ್ತು. ಓಲ್ಡ್ ಏಲ್ ಅನ್ನೋ ಹೆಸರು ಬಂದಿದ್ದು ಹೀಗೆ.

ಲಂಡನ್ನಿನಲ್ಲಿ 18ನೇ ಶತಮಾನದ ಮೊದಲ ಭಾಗದಲ್ಲಿ ಪೋರ್ಟರ್ ಎಂಬ ಗಾಢ ಬಣ್ಣದ ಬಿಯರ್ ಹುಟ್ಟಿತು. ಹೊರೆ ಹೊರುವ ಹಮಾಲರ ಕುಡಿಕೆ, ಅವರ ಹೆಸರೇ ಅದಕ್ಕೆ ನಿಂತಿತು. ಅದರಲ್ಲೇ ಇನ್ನೂ ಗಟ್ಟಿಯಾದದ್ದು ಸ್ಟೌಟ್. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು ಉರುಳೆಯಲ್ಲಿ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಚಿಕ್ಕಮಗಳೂರಿನ ಕಡೆ ಕಾಫಿ ಬೀಜ ಹುರಿಯೋದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಉರುಳೆ ತಿರುಗುತ್ತಾ ಇರಬೇಕು, ಸುಡಬಾರದು, ಕಪ್ಪಾಗಬೇಕು. ಒಳ್ಳೆಯ ಪೋರ್ಟರಿನಲ್ಲಿ ಕಾಫಿಯ ಘಮ ಬರುವುದು ಇಂಥ ಹುರಿದ ಮಾಲ್ಟಿನಿಂದ. ಅದರಲ್ಲಿ ಕಾಫಿ ಹಾಕಿರಲೇಬೇಕು ಅಂತೇನಿಲ್ಲ.

ಭಾರತಕ್ಕೆ ಕಳಿಸುತ್ತಿದ್ದ ತಿಳಿ ಬಣ್ಣದ ಇಂಡಿಯಾ ಪೇಲ್ ಏಲ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಸಾಮಾನ್ಯ ಯುರೋಪಿಯನ್ ಸೈನಿಕರಿಗೆ ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದದ್ದು ಬಹುಪಾಲು ಕಪ್ಪು ಪೋರ್ಟರ್. ತಿಳಿ ಬಣ್ಣದ ದುಬಾರಿ ಬಿಯರ್ ಅಧಿಕಾರಿಗಳಿಗೆ. ಆಮೇಲೆ ಇಲ್ಲೇ ಬಿಯರ್ ಮಾಡುವುದು ಶುರುವಾಯಿತು. ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಬೆಂಗಳೂರಿನ ಬಿಯರ್ ಕಥೆ ಅಲ್ಲಿಂದ ಬೇರೆ ದಾರಿ ಹಿಡಿಯಿತು. ಸೆಕೆಯ ಊರುಗಳಿಗೆ ಬೇಕಾದ, ಲಾಗರ್ ಎಂಬ ತಣ್ಣನೆಯ ತಿಳಿ ಬಿಯರಿನ ದಾರಿ ಅದು.

ಬರ್ಟನ್ ಅಪಾನ್ ಟ್ರೆಂಟ್ ಎಂಬ ಊರಿನ ಕಥೆ ಇಲ್ಲಿ ಮುಖ್ಯ. ಇಂಡಿಯಾ ಪೇಲ್ ಏಲ್‌ಗೆ ಹೆಸರಾಗುವ ಮೊದಲು ಈ ಊರು ಮಾಡುತ್ತಿದ್ದದ್ದು ಗಟ್ಟಿಯಾದ, ಸಿಹಿಯಾದ, ಗಾಢ ಬಣ್ಣದ ಏಲ್. ಅದು ರಷ್ಯಾದ ಕಡೆಗೆ ಹೋಗುತ್ತಿತ್ತು. 1822ರಲ್ಲಿ ರಷ್ಯಾ ಭಾರಿ ಸುಂಕ ಹಾಕಿತು. ಗಿರಾಕಿ ಕಳೆದುಕೊಂಡ ಬ್ರೂವರ್‌ಗಳು ಭಾರತದ ಕಡೆ ಮುಖ ಮಾಡಿದರು. ಜಿಪ್ಸಂ ತುಂಬಿದ ಅಲ್ಲಿನ ಬಾವಿ ನೀರು ತಿಳಿ ಏಲ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಹಳೆಯ ಗಾಢ ಏಲ್ ಮಾತ್ರ ‘ಬರ್ಟನ್’ ಅನ್ನೋ ಹೆಸರಿನಲ್ಲೇ ಲಂಡನ್ನಿನ ಪಬ್ಬುಗಳಲ್ಲಿ ಚಳಿಗಾಲದ ಕುಡಿಕೆಯಾಗಿ ಉಳಿಯಿತು.

ಹಾಗಾದರೆ ಈ ಗಟ್ಟಿ, ಗಾಢ ಬಣ್ಣದ ಬಿಯರ್‌ಗಳು ಯಾಕೆ ಮರೆಯಾದವು? ರುಚಿ ಬದಲಾಯಿತು ಅಂತ ಸುಮ್ನೆ ಹೇಳಿ ಮುಗಿಸಬಹುದು. ನನಗೆ ಅದು ಪೂರ್ತಿ ಉತ್ತರ ಅನ್ನಿಸುವುದಿಲ್ಲ. ತೆರಿಗೆಯ ಪಾತ್ರ ತುಂಬ ದೊಡ್ಡದು. 1880ರಲ್ಲಿ ಗ್ಲಾಡ್‌ಸ್ಟನ್ ಸರ್ಕಾರ ಮಾಲ್ಟಿನ ಮೇಲಿನ ತೆರಿಗೆ ತೆಗೆದು ಬಿಯರಿನ ಮೇಲೇ ಹಾಕಿತು. ಹುದುಗುವ ಮೊದಲು ಅದರಲ್ಲಿ ಎಷ್ಟು ಸಕ್ಕರೆ ಅಂಶ ಇದೆ ಅನ್ನೋದರ ಮೇಲೆ ಲೆಕ್ಕ. ಬಿಯರ್ ಗಟ್ಟಿಯಾದಷ್ಟೂ ತೆರಿಗೆ ಜಾಸ್ತಿ. ಮೊದಲ ಮಹಾಯುದ್ಧ ಬಂತು. 1914ರ ನವೆಂಬರಿನಲ್ಲಿ ಬ್ಯಾರೆಲ್ ಒಂದಕ್ಕೆ 7 ಶಿಲಿಂಗ್ 9 ಪೆನ್ಸ್ ಇದ್ದ ತೆರಿಗೆ 23 ಶಿಲಿಂಗ್ ಆಯಿತು. 1920ಕ್ಕೆ 100 ಶಿಲಿಂಗ್. ಧಾನ್ಯ ಉಳಿಸಲು ಬಿಯರ್ ತೆಳುವಾಗಲಿ ಅಂತ ಸರ್ಕಾರವೇ ಒತ್ತಾಯ ಮಾಡಿತು. ಯುದ್ಧ ಮುಗಿದ ಮೇಲೂ ಬಿಯರ್ ಹಳೆಯ ಮಟ್ಟಕ್ಕೆ ಏರಲಿಲ್ಲ. ಲಂಡನ್ನಿನ ಪೋರ್ಟರ್ ಎರಡನೇ ಮಹಾಯುದ್ಧದ ಹೊತ್ತಿಗೆ ಕಣ್ಣಿಗೆ ಬೀಳುವುದೇ ಅಪರೂಪವಾಯಿತು. ಒಂದು ಕಾಲಕ್ಕೆ ಇಡೀ ಊರು ಕುಡಿದ ಪಾನೀಯ ಅದು.

ಅಷ್ಟರಲ್ಲಿ ಕೆಗ್ ಬಂತು. ಬಿಯರನ್ನು ಸೋಸಿ, ಕಾಯಿಸಿ, ಮುಚ್ಚಿದ ಲೋಹದ ಪಾತ್ರೆಗೆ ತುಂಬಿ, ಅನಿಲದ ಒತ್ತಡದಿಂದ ಹೊರಗೆ ತಳ್ಳುವ ವಿಧಾನ. ವಾಟ್ನೀಸ್ ಕಂಪನಿ 1930ರ ದಶಕದಲ್ಲೇ ತನ್ನ ರೆಡ್ ಬ್ಯಾರೆಲ್ ಬಿಯರನ್ನು ಲಂಡನ್ ಹತ್ತಿರದ ಒಂದು ಟೆನಿಸ್ ಕ್ಲಬ್ಬಿನಲ್ಲಿ ಪರೀಕ್ಷೆ ಮಾಡಿತ್ತು. ಇದರ ಹಿಂದೆ ನಿಜವಾದ ಕಷ್ಟ ಇತ್ತು. ಇಂಥ ಕ್ಲಬ್ಬುಗಳಲ್ಲಿ ಜನ ಸೇರುವುದು ಶನಿವಾರ, ಭಾನುವಾರ. ತೆರೆದ ಪೀಪಾಯಿ ವಾರವಿಡೀ ಕಾಯುವುದಿಲ್ಲ. ಕೆಗ್ ಕಾಯುತ್ತದೆ. ಎಷ್ಟೋ ಪಬ್ಬುಗಳಲ್ಲಿ ಕಾಸ್ಕ್ ಬಿಯರ್ ಕೆಟ್ಟು ಹುಳಿಯಾಗಿ ಸಿಗುತ್ತಿದ್ದದ್ದೂ ಸತ್ಯವೇ. ಎಲ್ಲೇ ಹೋದರೂ ಒಂದೇ ರುಚಿ ಬೇಕು ಅಂದವರನ್ನು ನಾನು ಬೈಯಲಾರೆ. ಆದರೆ 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಚಿಕ್ಕ ಬ್ರೂವರಿಗಳನ್ನು ಒಂದೊಂದಾಗಿ ಕೊಂಡು ಮುಚ್ಚಿದವು. ಕೊನೆಗೆ ಮಾರುಕಟ್ಟೆಯ ಬಹುಪಾಲು ಆರು ಕಂಪನಿಗಳ ಕೈಗೆ ಹೋಯಿತು. ಪಬ್ಬುಗಳೂ ಅವರವೇ. ಅವರು ಕೊಟ್ಟಿದ್ದೇ ಕುಡಿಯಬೇಕು. ಇದನ್ನು ಮಾತ್ರ ಒಪ್ಪುವುದು ಕಷ್ಟ.

1963ರಲ್ಲಿ ಎಪ್ಸಮ್‌ನಲ್ಲಿ ಕೆಲವರು ಮರದ ಪೀಪಾಯಿಯ ಬಿಯರ್ ಉಳಿಸಲು ಒಂದು ಸಂಘ ಕಟ್ಟಿದರು. ದೊಡ್ಡ ಅಲೆ ಎದ್ದಿದ್ದು 1971ರಲ್ಲಿ. ಮೈಕೆಲ್ ಹಾರ್ಡ್‌ಮನ್, ಗ್ರಹಾಂ ಲೀಸ್, ಬಿಲ್ ಮೆಲ್ಲರ್, ಜಿಮ್ ಮೇಕಿನ್ ಎಂಬ ನಾಲ್ವರು ಗೆಳೆಯರು ಐರ್ಲೆಂಡಿನ ಕೆರ್ರಿ ಪ್ರಾಂತ್ಯಕ್ಕೆ ಪ್ರವಾಸ ಹೋಗಿದ್ದರು. ಅಲ್ಲಿ ಡನ್‌ಕ್ವಿನ್ ಎಂಬ ಹಳ್ಳಿಯ ಪಬ್ಬಿನಲ್ಲಿ ಕೂತು ಕಟ್ಟಿದ ಸಂಘವೇ ಕ್ಯಾಮ್ರಾ, ಈಗಿನ ಪೂರ್ತಿ ಹೆಸರು ‘ಕ್ಯಾಂಪೇನ್ ಫಾರ್ ರಿಯಲ್ ಏಲ್’. ‘ರಿಯಲ್ ಏಲ್’ ಅನ್ನೋ ಮಾತನ್ನು ಮನೆಮನೆಗೆ ಮುಟ್ಟಿಸಿದ್ದು ಈ ಸಂಘ. ಪೀಪಾಯಿ ಮರದ್ದೋ ಲೋಹದ್ದೋ ಅಂತ ಇವರು ತಲೆ ಕೆಡಿಸಿಕೊಳ್ಳಲಿಲ್ಲ. ಒಳಗಿನ ಬಿಯರ್ ಜೀವಂತ ಇದೆಯಾ, ಅದಷ್ಟೇ ಪ್ರಶ್ನೆ. ಇವತ್ತು ಹಬ್ಬದಲ್ಲಿ ಕಾಣುವ ಪೀಪಾಯಿಗಳು ಹೆಚ್ಚಾಗಿ ಲೋಹದವೇ.

ಅದೇ 1971ರಲ್ಲಿ ಲಂಡನ್ನಿನ ಯಂಗ್ಸ್ ಬ್ರೂವರಿ ತನ್ನ ಬರ್ಟನ್ ಏಲ್‌ಗೆ ವಿಂಟರ್ ವಾರ್ಮರ್ ಅಂತ ಹೊಸ ಹೆಸರು ಇಟ್ಟಿತು. ‘ಬರ್ಟನ್’ ಅಂದರೆ ಏನು ಅಂತ ಗೊತ್ತಿರುವ ಗಿರಾಕಿಗಳು ಆಗಲೇ ಕಡಿಮೆಯಾಗಿದ್ದರು. ಹೆಸರು ಹೋಯಿತು, ಬಿಯರ್ ಉಳಿಯಿತು.

ಮುಂದಿನದು ಬೇಗ ನಡೆಯಿತು. 1974ರಲ್ಲಿ ಕೇಂಬ್ರಿಡ್ಜ್, 1975ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್, 1977ರಲ್ಲಿ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ ಮೊದಲ ಗ್ರೇಟ್ ಬ್ರಿಟಿಷ್ ಬಿಯರ್ ಫೆಸ್ಟಿವಲ್. ಆದರೆ ಅದು ಬೇಸಿಗೆಯ ಹಬ್ಬವಾಗಿ ಬೆಳೆಯಿತು. ಆಗಸ್ಟಿನ ಸೆಕೆಯಲ್ಲಿ ಜನ ಕೇಳುವುದು ತಿಳಿ ಬಣ್ಣದ, ಹಗುರ ಬಿಯರ್. ಕಪ್ಪು ಬಿಯರ್‌ಗಳಿಗೆ ಬೇರೆ ಕಾಲ, ಬೇರೆ ಜಾಗ ಬೇಕಿತ್ತು. 1990ರ ದಶಕದ ಕೊನೆಯ ವರ್ಷಗಳಿಂದ ಕ್ಯಾಮ್ರಾ ಚಳಿಗಾಲದಲ್ಲೇ ಇನ್ನೊಂದು ರಾಷ್ಟ್ರೀಯ ಹಬ್ಬ ನಡೆಸತೊಡಗಿತು. ಅದು ಊರೂರು ತಿರುಗಿತು. ಮ್ಯಾಂಚೆಸ್ಟರಿನಲ್ಲಿ ಹಲವು ವರ್ಷ ಇತ್ತು. 2014ರಿಂದ ಮೂರು ವರ್ಷ ಡರ್ಬಿಯ ಹಳೆಯ ರೈಲ್ವೆ ರೌಂಡ್‌ಹೌಸಿನಲ್ಲಿ. ಆಮೇಲೆ ಮೂರು ವರ್ಷ ನಾರ್ವಿಚ್‌ನಲ್ಲಿ, ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳ ಮಠವಾಗಿದ್ದ ಕಟ್ಟಡದಲ್ಲಿ. 2020ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್.

ಇಂಥ ಹಬ್ಬ ಯಾಕೆ ಬೇಕು ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಪಬ್ಬುಗಳಲ್ಲಿ ಸಾಮಾನ್ಯವಾಗಿ ಬಳಸುವ ಫರ್ಕಿನ್ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ ಸುಮಾರು 41 ಲೀಟರ್ ಬಿಯರ್ ಹಿಡಿಯುತ್ತದೆ. 72 ಪೈಂಟ್. ನಲ್ಲಿ ತೆರೆದ ಮೇಲೆ ಸುಮಾರು ಮೂರು ದಿನದಲ್ಲಿ ಖಾಲಿಯಾಗಬೇಕು. ದಿನಕ್ಕೆ 24 ಪೈಂಟ್. ನಾಲ್ಕು ಪರ್ಸೆಂಟ್ ಆಲ್ಕೋಹಾಲ್ ಇರುವ ಬಿಯರ್ ಹಾಗೆ ಖರ್ಚಾಗುತ್ತದೆ. ಎಂಟೂವರೆ ಪರ್ಸೆಂಟ್ ಓಲ್ಡ್ ಏಲ್‌ ಖರ್ಚಾಗುತ್ತಾ? ಒಬ್ಬರು ಅರ್ಧ ಪೈಂಟ್ ಕುಡಿದರೆ ಹೆಚ್ಚು. ಉಳಿದದ್ದು ಹುಳಿಯಾಗುತ್ತದೆ, ನಷ್ಟ ಪಬ್ಬಿನವರದು. ಅದಕ್ಕೇ ಮನಸ್ಸಿದ್ದರೂ ಎಷ್ಟೋ ಪಬ್ಬುಗಳು ತರಿಸುವುದಿಲ್ಲ. ತರಿಸದಿದ್ದರೆ ಬ್ರೂವರಿ ಮಾಡುವುದಿಲ್ಲ. ಹಬ್ಬದಲ್ಲಿ ಒಂದೇ ಸೂರಿನಡಿ ನೂರಾರು ಜನ ಇರುತ್ತಾರೆ. ಗಾಜಿನ ಲೋಟದ ಮೇಲೆ ಪೈಂಟ್, ಅರ್ಧ, ಮೂರನೇ ಒಂದು ಭಾಗ ಅಂತ ಗೆರೆ ಇರುತ್ತದೆ. ಗಟ್ಟಿ ಬಿಯರನ್ನು ಮೂರನೇ ಒಂದು ಭಾಗ, ಅಂದರೆ 190 ಮಿಲಿಲೀಟರಿನಷ್ಟು ಹಾಕಿಸಿಕೊಂಡು ರುಚಿ ನೋಡುತ್ತಾರೆ. ಪೀಪಾಯಿ ಕೆಡುವ ಮೊದಲೇ ಮುಗಿಯುತ್ತದೆ.

ಹೀಗೆ ಉಳಿದವುಗಳಲ್ಲಿ ಸ್ಟಾಕ್‌ಪೋರ್ಟಿನ ರಾಬಿನ್ಸನ್ಸ್ ಬ್ರೂವರಿಯ ಓಲ್ಡ್ ಟಾಮ್ ಒಂದು. 1899ರಿಂದ ಇರುವ ಏಲ್. ಬ್ರೂವರಿಯ ಬೆಕ್ಕಿನ ಹೆಸರು ಅದಕ್ಕೆ. ಆಗಿನ ಬ್ರೂವರ್ ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದ ಬೆಕ್ಕಿನ ಮುಖ ಇವತ್ತಿಗೂ ಇದೆ. ಯಾರ್ಕ್‌ಷೈರಿನ ಎಲ್ಲಂಡ್ ಬ್ರೂವರಿಯ 1872 ಪೋರ್ಟರ್ ಇನ್ನೊಂದು. ಹೆಸರೇ ಹೇಳುವಂತೆ 1872ರ ಪಾಕದಿಂದ ಮಾಡಿದ್ದು, 6.5 ಪರ್ಸೆಂಟ್. ಕ್ಯಾಮ್ರಾ ಈ ಹಬ್ಬಗಳಲ್ಲಿ ನಡೆಸುತ್ತಿದ್ದ ಸ್ಪರ್ಧೆಗಳಲ್ಲಿ, ಚಳಿಗಾಲದಲ್ಲಿ ಗೆದ್ದವು ಬೇಸಿಗೆಯ ದೊಡ್ಡ ಸ್ಪರ್ಧೆಗೂ ಹೋಗುತ್ತಿದ್ದವು. ಅಲ್ಲಿ ತಿಳಿ ಬಿಯರ್‌ಗಳ ಎದುರು ನಿಂತು ಈ ಪೋರ್ಟರ್ 2013ರಲ್ಲಿ ಇಡೀ ಬ್ರಿಟನ್ನಿನ ಚಾಂಪಿಯನ್ ಆಯಿತು. 2023ರಲ್ಲಿ ಮತ್ತೊಮ್ಮೆ. ಸತ್ತೇ ಹೋಯಿತು ಅಂದುಕೊಂಡಿದ್ದ ಬಗೆಯ ಬಿಯರ್ ಎರಡು ಸಲ ಗೆದ್ದಿತು. ಇದನ್ನು ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ತೆರಿಗೆ ಮಾತ್ರ ಬೆನ್ನು ಬಿಡಲಿಲ್ಲ. 2002ರಲ್ಲಿ ಚಿಕ್ಕ ಬ್ರೂವರಿಗಳಿಗೆ ರಿಯಾಯಿತಿ ಸಿಕ್ಕಿ ನೂರಾರು ಹೊಸ ಬ್ರೂವರಿಗಳು ಹುಟ್ಟಿದವು. ಆದರೆ 2011ರಲ್ಲಿ 7.5 ಪರ್ಸೆಂಟ್ ಮೀರಿದ ಬಿಯರ್‌ಗಳಿಗೆ ಹೆಚ್ಚುವರಿ ಸುಂಕ ಬಂತು. ಅಗ್ಗದ ಗಟ್ಟಿ ಲಾಗರ್ ಕುಡಿದು ಹಾಳಾಗುವುದನ್ನು ತಡೆಯುವ ಉದ್ದೇಶ. ಪೆಟ್ಟು ಬಿದ್ದವರಲ್ಲಿ ಓಲ್ಡ್ ಏಲ್ ಮಾಡುವವರೂ ಇದ್ದರು.

2023ರ ಫೆಬ್ರವರಿಯಲ್ಲಿ ಈ ಚಳಿಗಾಲದ ಹಬ್ಬ ಬರ್ಟನ್ ಊರಿನ ಟೌನ್ ಹಾಲಿಗೆ ಬಂತು, ಮರುವರ್ಷವೂ ಅಲ್ಲೇ. 2024ರ ಜನವರಿಯಲ್ಲಿ, ಹಬ್ಬಕ್ಕೆ ಕೆಲವೇ ವಾರ ಮೊದಲು, ಅದೇ ಊರಿನ ಮಾರ್ಸ್ಟನ್ಸ್ ಬ್ರೂವರಿಯ ಬರ್ಟನ್ ಯೂನಿಯನ್‌ಗಳನ್ನು ನಿಲ್ಲಿಸುವ ಸುದ್ದಿ ಹೊರಬಿತ್ತು. ಸಾಲಾಗಿ ಜೋಡಿಸಿದ ದೊಡ್ಡ ಮರದ ಪೀಪಾಯಿಗಳಲ್ಲಿ ಬಿಯರ್ ಹುದುಗಿಸುವ 19ನೇ ಶತಮಾನದ ಏರ್ಪಾಡು ಅದು. ಉಕ್ಕಿದ ಯೀಸ್ಟ್ ಕೊಳವೆಯಲ್ಲಿ ಮೇಲೆ ಹತ್ತಿ ತೊಟ್ಟಿಗೆ ಬೀಳುತ್ತದೆ, ಜೊತೆಗೆ ಬಂದ ಬಿಯರ್ ಮತ್ತೆ ಪೀಪಾಯಿಗೆ ಇಳಿಯುತ್ತದೆ. ಒಂದು ಜೋಡಣೆಯನ್ನು ಡರ್ಬಿಷೈರಿನ ಥಾರ್ನ್‌ಬ್ರಿಜ್ ಬ್ರೂವರಿ ತನ್ನ ಊರಿಗೆ ಸಾಗಿಸಿ, ಮತ್ತೆ ಜೋಡಿಸಿ, ಅದೇ ವರ್ಷ ಅದರಲ್ಲಿ ಬಿಯರ್ ಮಾಡಲು ಶುರುಮಾಡಿತು. ಮರದ ಪೀಪಾಯಿಗಳು, ಕೊಳವೆಗಳು, ಮೇಲಿನ ತೊಟ್ಟಿ ಎಲ್ಲವೂ ಹಳೆಯವೇ. ಯೀಸ್ಟ್ ಮಾತ್ರ ಪ್ರತಿ ಸಲ ಹೊಸದಾಗಿ ಉಕ್ಕುತ್ತದೆ.